ದೂರು ಅರ್ಜಿ: ಬಳಸುವ ವಿಧಾನ

ಹತ್ತಿಗೆ ಹೊಡೆಯುವ ಎಣ್ಣಿಯ ಡಬ್ಬಿ ಕೊಂಡರೆ ಜೊತೆಗೆ ಹತ್ತು ಮಡಿಕೆಯ ಚೀಟಿಯೊಂದು ಬರುತ್ತದೆ. ಎಷ್ಟು ನೀರಿಗೆ ಎಷ್ಟು ಎಣ್ಣಿ, ಗಾಳಿಗೆ ಎದುರಾಗಿ ನಿಂತು ಹೊಡೆಯಬಾರದು, ಕಣ್ಣಿಗೆ ಸಿಡಿದರೆ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಹುಬ್ಬಳ್ಳಿ ತಾಲೂಕಿನ ನಮ್ಮ ಸುಳ್ಳದ ಕಡೆ ಅದನ್ನು ಬಿಚ್ಚಿ ಓದಿದವರು ಕಡಿಮೆ; ಆದರೂ ಚೀಟಿ ಇದೆ ಎಂಬ ಧೈರ್ಯ ಇರುತ್ತದೆ. ಪಂಚಾಯತಿಯವರ ಮೇಲೆ ಕೊಡುವ ದೂರಿನ ಅರ್ಜಿಗೆ ಅಂಥ ಚೀಟಿಯನ್ನು ಯಾವ ಇಲಾಖೆಯೂ ಅಚ್ಚು ಹಾಕಿಸಿಲ್ಲ. ಗಾಳಿಗೆ ಎದುರಾಗಿ ನಿಂತು ಹೊಡೆಯುವ ಕೆಲಸವೇ ಅದೂ ಆದ್ದರಿಂದ ಈ ಕೈಪಿಡಿ.

ಉದಾಹರಣೆಗೆ ಇಲ್ಲೊಂದು ಗಟಾರ ಬರುತ್ತದೆ. ಅದು ಯಾವ ಊರಿನದೂ ಅಲ್ಲ. ಇಲ್ಲಿ ಬರುವ ಪಿಡಿಒ ಸಾಹೇಬರು ಯಾವ ಪಂಚಾಯತಿಯವರೂ ಅಲ್ಲ. ಓದುತ್ತ ಓದುತ್ತ ಇದು ನಿಮ್ಮ ಓಣಿಯದೇ ಅನಿಸಿದರೆ ಅದಕ್ಕೆ ಗಟಾರವೇ ಹೊಣೆ.

ಯಾವ ಮಾದರಿ ಬೇಕು?

ಲೋಕಾಯುಕ್ತಕ್ಕೆ ಕೊಡುವ ದೂರಿನಲ್ಲಿ ಎರಡು ಮಾದರಿ. ಒಂದು ಕುಂದುಕೊರತೆ, ಇನ್ನೊಂದು ಆರೋಪ. ಉತಾರ ಕೊಡದೆ ಅಡ್ಡಾಡಿಸುತ್ತಿದ್ದಾರೆ ಎಂದರೆ ಕುಂದುಕೊರತೆ. ಉತಾರಕ್ಕೆ ರೊಕ್ಕ ಕೇಳಿದರು ಎಂದರೆ ಆರೋಪ. ಮೊದಲನೆಯದನ್ನು ವಿಷಯ ನಿಮಗೆ ತಿಳಿದ ಆರು ತಿಂಗಳೊಳಗೆ ಕೊಡಬೇಕು. ಎರಡನೆಯದಕ್ಕೆ ಕೃತ್ಯ ನಡೆದಂದಿನಿಂದ ಐದು ವರ್ಷ ಅವಕಾಶ. ಗ್ರಾಮ ಪಂಚಾಯತಿ ಸದಸ್ಯರ ಅವಧಿಯೂ ಐದೇ ವರ್ಷ ಎಂಬುದನ್ನು ನೆನಪಿಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಭ್ರಷ್ಟಾಚಾರ ಕಣ್ಣಿಗೆ ಬೀಳುವುದು ಐದನೆಯ ವರ್ಷದಲ್ಲಿ, ಮತದಾರರ ಪಟ್ಟಿ ತಿದ್ದುವ ಹೊತ್ತಿಗೆ.

ರಾಮಕೃಷ್ಣ ಹೆಗಡೆಯವರ ಸರ್ಕಾರ ಲೋಕಾಯುಕ್ತ ಕಾಯ್ದೆಯನ್ನು ತಂದದ್ದು 1984ರಲ್ಲಿ. ಅದಕ್ಕೂ ಮೊದಲು ಇದ್ದದ್ದು ಜಾಗೃತ ಆಯೋಗ. 1986ರ ಜನವರಿಯಿಂದ ಲೋಕಾಯುಕ್ತ ಕೆಲಸ ಶುರು ಮಾಡಿತು. ಆರೋಪ ಎಂದರೇನು ಎಂದು ಕಾಯ್ದೆ ವಿವರಿಸುವಾಗ ಸ್ವಾರ್ಥ, ಭ್ರಷ್ಟಾಚಾರ, ಸ್ವಜನಪಕ್ಷಪಾತ, ಪ್ರಾಮಾಣಿಕತೆಯ ಕೊರತೆ ಎಲ್ಲವನ್ನೂ ಹೇಳಿ, ಕೊನೆಗೆ ಇನ್ನೊಂದು ಮಾತು ಸೇರಿಸುತ್ತದೆ: ತಾನು ಸೇರಿದ ವರ್ಗದ ನೌಕರರು ಪಾಲಿಸಬೇಕಾದ ನಿಷ್ಠೆ ಮತ್ತು ನಡತೆಗೆ ತಕ್ಕಂತೆ ನಡೆಯದಿರುವುದೂ ಆರೋಪವೇ. ವರ್ಗ ಎಂಬಲ್ಲಿ ನಿಂತುಕೊಳ್ಳಿ. ಬಿಲ್ ಕಲೆಕ್ಟರನ ನಿಯತ್ತಿಗೊಂದು ಮಟ್ಟ, ಎಂಜಿನಿಯರ ಸಾಹೇಬರದಕ್ಕೊಂದು ಮಟ್ಟ ಎಂದಾಯಿತು. ಆ ಮಟ್ಟಗಳ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಗುತ್ತಿಗೆದಾರರಿಗೆ ಅದು ಬಾಯಿಪಾಠ, ಪರ್ಸೆಂಟೇಜ್ ಲೆಕ್ಕದಲ್ಲಿ.

ಹಾಗಾಗಿ ‘ಇವರಿಗೆ ನೀತಿಯಿಲ್ಲ, ನಿಯತ್ತಿಲ್ಲ’ ಎಂದು ಬರೆಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ದೂರಿಗೆ ದಾಖಲೆ ಲಗತ್ತಿಸಬೇಕು. ಇಲ್ಲದ ವಸ್ತುವಿನ ಝೆರಾಕ್ಸ್ ತೆಗೆಯುವ ಅಂಗಡಿ ಹುಬ್ಬಳ್ಳಿಯಲ್ಲಿ ಇನ್ನೂ ತೆರೆದಿಲ್ಲ. ಆದ್ದರಿಂದ ಮನುಷ್ಯನ ಮೇಲೆ ದೂರು ಕೊಡಬೇಡಿ. ಗಟಾರದ ಮೇಲೆ ಕೊಡಿ.

ಬೇಕಾಗುವ ಸಾಮಾನು

ಮೂವತ್ತು ಮೀಟರಿನ ಟೇಪು ಒಂದು. ಮೊಬೈಲು ಒಂದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಒಂದು. ಎಲ್ಲವನ್ನೂ ಇಡಲು ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲು, ಮಳೆಗಾಲ ಇದ್ದರೆ ಎರಡು.

ಪೋಸ್ಟಲ್ ಆರ್ಡರ್ 2005ರ ಮಾಹಿತಿ ಹಕ್ಕಿಗೆ. ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ನಮೂನೆ ‘ಎ’ಯಲ್ಲಿ ಬರೆದು ಕೊಟ್ಟರೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಕರ್ನಾಟಕದಲ್ಲಿ 2008ರಿಂದ ಇನ್ನೊಂದು ನಿಯಮ ಇದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟುವಂತಿಲ್ಲ. ನಮ್ಮ ಕಡೆ ಎದುರಾದವರನ್ನು ಆರಾಮದೀರಿ, ಮನ್ಯಾಗ ಎಲ್ಲಾರೂ ಆರಾಮದಾರ, ಮಳಿ ಹ್ಯಾಂಗ, ಹೆಸರು ಕಿತ್ತಿರಿ ಎಂದು ಕೇಳಿ ಮುಗಿಸುವಷ್ಟರಲ್ಲೇ ಅಷ್ಟು ಪದ ಖರ್ಚಾಗಿರುತ್ತದೆ. ಆದರೂ ಈ ನಿಯಮ ನಿಮ್ಮ ಒಳ್ಳೆಯದಕ್ಕೇ ಇದೆ. ‘ಗಟಾರದಲ್ಲಿ ಎಷ್ಟು ತಿಂದಿರಿ?’ ಎಂದು ಕೇಳಿದರೆ ‘ಸದರಿ ಮಾಹಿತಿ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಅದು ನಿಜವೂ ಹೌದು. ಕೇಳಬೇಕಾದದ್ದು ಇಷ್ಟು: ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಟ್ಟ ಠರಾವು, ಎಸ್ಟಿಮೇಟು, ಎಂ.ಬಿ. ಪುಸ್ತಕದ ಪುಟಗಳು, ಬಿಲ್ಲು, ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ ತೆಗೆದ ಫೋಟೊ.

ಇದರಲ್ಲಿ ಎಂ.ಬಿ. ಪುಸ್ತಕವೇ ಮುಖ್ಯ. ಎಂಜಿನಿಯರರು ಜಾಗಕ್ಕೆ ಬಂದು, ಟೇಪು ಹಿಡಿದು, ಉದ್ದ ಇಷ್ಟು, ಅಗಲ ಇಷ್ಟು, ಆಳ ಇಷ್ಟು ಎಂದು ಬರೆದು, ಗುಣಿಸಿ, ಘನ ಮೀಟರು ತೆಗೆದು ಸಹಿ ಮಾಡುವ ಪುಸ್ತಕ ಅದು. ಪುಟಕ್ಕೆ ನಂಬರು ಇರುತ್ತದೆ. ಬಿಲ್ಲು ಹುಟ್ಟುವುದು ಈ ಪುಟದಿಂದ. ಪಂಚಾಯತ್ ರಾಜ್ ಇಲಾಖೆಯವರು ಕಾಮಗಾರಿಯ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆಗೆ ‘ಗಾಂಧಿ ಸಾಕ್ಷಿ ಕಾಯಕ’ ಎಂದು ಹೆಸರಿಟ್ಟಿದ್ದಾರೆ. ಪಂಚಾಯತಿಯ ಜಮಾ ಖರ್ಚಿನ ವ್ಯವಸ್ಥೆಯ ಹೆಸರು ‘ಪಂಚತಂತ್ರ’. ಸಾಕ್ಷಿಗೆ ಗಾಂಧಿ, ಲೆಕ್ಕಕ್ಕೆ ನರಿ. ಹೆಸರಿಟ್ಟವರು ಹಾಸ್ಯಪ್ರಜ್ಞೆ ಇದ್ದವರೋ ಇಲ್ಲದವರೋ ಹೇಳುವುದು ಕಷ್ಟ.

ಪುಟದ ಪ್ರತಿ ಕೈಗೆ ಬಂದ ಮೇಲೆ ಅಳತೆಗೆ ಹೋಗಿ. ಇಲ್ಲೊಂದು ಮಾತು. ಸುಳ್ಳ, ಬ್ಯಾಹಟ್ಟಿ, ಹೆಬಸೂರ, ಕಿರೇಸೂರ, ಈ ಪಟ್ಟಿಯೆಲ್ಲ ಎರಿ ಭೂಮಿ. ಮಳೆ ಬಿದ್ದಾಗ ಉಬ್ಬುತ್ತದೆ, ಬ್ಯಾಸಿಗಿಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಕಾಂಕ್ರೀಟು ಸೀಳುವುದಕ್ಕೆ ಕಳಪೆ ಸಿಮೆಂಟೇ ಬೇಕೆಂದಿಲ್ಲ, ಭೂಮಿಯೇ ಸಾಕು. ಗಟಾರ ಸೀಳಿದೆ ಎಂದು ದೂರು ಬರೆದಿರೋ, ಎಂಜಿನಿಯರರು ಮಣ್ಣಿನ ಗುಣಧರ್ಮದ ಮೇಲೆ ಎರಡು ಪುಟ ಬರೆದು ಕೈ ತೊಳೆದುಕೊಳ್ಳುತ್ತಾರೆ, ಅದರಲ್ಲಿ ಅರ್ಧ ಸತ್ಯವೂ ಇರುತ್ತದೆ. ಗುಣಮಟ್ಟದ ತಂಟೆಗೆ ಹೋಗಬೇಡಿ. ಉದ್ದ ಅಳೆಯಿರಿ. ಪುಸ್ತಕದಲ್ಲಿ 120 ಮೀಟರು ಇದ್ದು ಟೇಪಿನಲ್ಲಿ 84 ಬಂದರೆ ಉಳಿದ 36 ಮೀಟರನ್ನು ಯಾವ ಎರಿ ಮಣ್ಣೂ ನುಂಗಲಾರದು.

ಟೇಪಿಗೆ ಎರಡು ತುದಿ. ಸೊನ್ನೆಯ ತುದಿ ಹಿಡಿಯಲು ಇನ್ನೊಬ್ಬರು ಬೇಕು. ಇಡೀ ಕಾರ್ಯದಲ್ಲಿ ಅತ್ಯಂತ ಕಷ್ಟದ ಹಂತ ಇದೇ. ಅರ್ಜಿಗೆ ಸಹಿ ಹಾಕಲು ಓಣಿಯೇ ಸಿದ್ಧ ಇರುತ್ತದೆ, ಹೆಬ್ಬೆಟ್ಟು ಒತ್ತಲು ಮುದುಕಿಯರೂ ಬರುತ್ತಾರೆ. ಟೇಪು ಹಿಡಿಯಿರಿ ಎಂದರೆ ಒಬ್ಬರಿಗೆ ಮನೆ ಮಂಜೂರಾತಿ ಬಾಕಿ ಇದೆ, ಒಬ್ಬರ ಇ-ಸ್ವತ್ತು ಪಿಡಿಒ ಲಾಗಿನ್‌ನಲ್ಲಿದೆ, ಇನ್ನೊಬ್ಬರ ಅಳಿಯ ವಾಟರ್‌ಮನ್. ಕೊನೆಗೆ ಸಿಗುವುದು ನಾಲ್ಕನೆತ್ತೆ ಹುಡುಗ. ಅವನ ಜೊತೆ ನಸುಕಿನಲ್ಲಿ ಹೋದರೂ ಯಾರಾದರೂ ಎಮ್ಮೆ ಹೊಡೆದುಕೊಂಡು ಬಂದೇ ಬರುತ್ತಾರೆ.

‘ಏನ್ ಅಳ್ಯಾಕತ್ತೀರಿ ಕಾಕಾ?’

‘ಗಟಾರ.’

‘ಯಾಕ್ರಿ, ಮಾರೂದೈತೇನು?’

ಉತ್ತರ ಕೊಡಬೇಡಿ. ಟೇಪು ನೆಲಕ್ಕೆ ತಾಗಿರುವುದು, ಅಂಕಿ ಕಾಣುವುದು, ಹಿಂದೆ ಯಾರದಾದರೂ ಮನೆಯ ಬಾಗಿಲು ಕಾಣುವುದು, ಮೂರೂ ಒಂದೇ ಫೋಟೊದಲ್ಲಿ ಬರಬೇಕು. ಹುಡುಗನ ಮುಖ ಬರಬಾರದು.

ಒಕ್ಕಣೆ

ಅರ್ಜಿ ಬರೆಯುವುದು ಎಂದ ಕೂಡಲೇ ನಮ್ಮವರ ಕೈಗೆ ಎಲ್ಲಿಂದಲೋ ಕಂಪನಿ ನಾಟಕದ ಭಾಷೆ ಬರುತ್ತದೆ. ‘ಹಗಲು ದರೋಡೆ’, ‘ಭ್ರಷ್ಟಾಚಾರದ ಕೂಪ’, ‘ಬಡವರ ರಕ್ತ ಹೀರುವ’, ‘ಉಗ್ರ ಹೋರಾಟ ಅನಿವಾರ್ಯ’. ಬರೆದವರಿಗೆ ಹಗುರ ಅನಿಸುತ್ತದೆ, ಯಾರ ಮೇಲೆ ಬರೆದಿದ್ದಾರೋ ಅವರಿಗೆ ಇನ್ನೂ ಹಗುರ. ‘ಹಗಲು ದರೋಡೆ’ಗೆ ‘ಆರೋಪ ಸತ್ಯಕ್ಕೆ ದೂರವಾದುದು’ ಎಂಬ ಒಂದು ಸಾಲು ಸಾಕು. ‘ಎಂ.ಬಿ. ಪುಟ 47ರಲ್ಲಿ 120 ಮೀಟರು, ಸ್ಥಳದಲ್ಲಿ 84 ಮೀಟರು’ ಎಂದು ಬರೆದರೆ ಉತ್ತರದಲ್ಲಿ 120ರ ಬಗ್ಗೆ ಏನಾದರೂ ಹೇಳಲೇಬೇಕು.

ಕೊನೆಯಲ್ಲಿ ‘ಪ್ರತಿ’ ಎಂದು ಬರೆದು ಮುಖ್ಯಮಂತ್ರಿ, ರಾಜ್ಯಪಾಲರು, ಪ್ರಧಾನಿ, ಎಲ್ಲ ದಿನಪತ್ರಿಕೆಗಳು ಎಂದು ಸೇರಿಸುವ ಪದ್ಧತಿಯೂ ಇದೆ. ಸೇರಿಸಿ, ಅಡ್ಡಿಯಿಲ್ಲ. ಆ ಪ್ರತಿಗಳು ಎಲ್ಲಿ ಹೋಗುತ್ತವೆ ಎಂಬುದು ಮಾತ್ರ ಗೊತ್ತಿರಲಿ. ಮುಖ್ಯಮಂತ್ರಿಯವರ ಕಚೇರಿಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ, ಅಲ್ಲಿಂದ ಧಾರವಾಡದ ಜಿಲ್ಲಾ ಪಂಚಾಯತಿ ಸಿಇಒ ಅವರಿಗೆ, ಅಲ್ಲಿಂದ ಹುಬ್ಬಳ್ಳಿ ತಾಲೂಕು ಪಂಚಾಯತಿ ಇಒ ಅವರಿಗೆ. ಎಲ್ಲರೂ ಒಂದೇ ಸಾಲು ಬರೆದು ಕೆಳಗೆ ದಾಟಿಸುತ್ತಾರೆ: ನಿಯಮಾನುಸಾರ ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಂಡು, ಅರ್ಜಿದಾರರಿಗೆ ಹಿಂಬರಹ ನೀಡಿ, ಈ ಕಚೇರಿಗೆ ವರದಿ ಮಾಡುವುದು. ಇಒ ಅವರ ಕೆಳಗೆ ಯಾರಿದ್ದಾರೆ? ಪಿಡಿಒ. ಯಾರ ಮೇಲೆ ದೂರು? ಪಿಡಿಒ ಮೇಲೆ.

‘ಬರ್ರಿ ಯಜಮಾನ್ರ, ಕುಂಡ್ರಿ. ಮುಖ್ಯಮಂತ್ರಿಗೇ ಬರದೀರಂತಲ್ರಿ! ನನಗ ಹೇಳಿದ್ರ ಆಗ್ತಿರ್ಲಿಲ್ಲೇನು? ಏ ತಮ್ಮಾ, ಎರಡು ಚಾ ಹೇಳು. ಇಲ್ಲೊಂದು ಸಹಿ ಮಾಡ್ರಿ, ಹಿಂಬರಹ ಮುಟ್ಟಿದ್ದಕ್ಕ.’

ವ್ಯವಸ್ಥೆ ದೂರನ್ನು ತಡೆಯುತ್ತದೆ ಎಂದು ಹೇಳುವವರು ಎಂದೂ ದೂರು ಕೊಟ್ಟವರಲ್ಲ. ಅದು ದೂರನ್ನು ಎರಡೂ ಕೈಯಿಂದ ತಗೊಳ್ಳುತ್ತದೆ, ಸೀಲು ಹೊಡೆಯುತ್ತದೆ, ನಂಬರು ಕೊಡುತ್ತದೆ, ಯಾರ ಮೇಲೆ ಬರೆದಿದೆಯೋ ಅವರ ಟೇಬಲಿಗೆ ತಪ್ಪದೆ ಮುಟ್ಟಿಸುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ. ಬಳಸಿಕೊಳ್ಳಲು ಆಗುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಕಡತಕ್ಕೊಂದು ನಂಬರು, ತಾರೀಖು ಬೀಳುತ್ತದಲ್ಲ, ಅವನ್ನು ಬರೆದಿಟ್ಟುಕೊಳ್ಳಿ. ಹಿಂಬರಹದಲ್ಲಿ ‘ಕಾಮಗಾರಿ ನಿಯಮಾನುಸಾರ ನಡೆದಿದೆ’ ಎಂದಿದ್ದರೆ ಬೇಸರ ಬೇಡ, ಜೋಪಾನವಾಗಿ ಇಡಿ. 36 ಮೀಟರು ಇಲ್ಲದ ಗಟಾರವನ್ನು ಇದೆ ಎಂದು ಸಹಿ ಮಾಡಿ ಕೊಟ್ಟವರು ಈಗ ಇಬ್ಬರಾದರು. ಚಾ ಕುಡಿದು ಬನ್ನಿ.

ಎಲ್ಲಿ ಕೊಡಬೇಕು

ಮೊದಲು ಗ್ರಾಮಸಭೆ. ಕಾನೂನಿನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವೇದಿಕೆ ಇದೇ, ಎಲ್ಲಕ್ಕಿಂತ ಕಡಿಮೆ ಜನ ಬರುವುದೂ ಇದಕ್ಕೇ. ಕೋರಂ ತುಂಬಲು ಅಂಗನವಾಡಿಯ ಅಕ್ಕೋರನ್ನು, ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡಿರುತ್ತಾರೆ. ಇಲ್ಲಿ ಭಾಷಣ ಮಾಡಬೇಡಿ, ‘ನಡಾವಳಿಯಲ್ಲಿ ಬರೆದುಕೊಳ್ಳಿ’ ಎನ್ನಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಭೆ ನಡೆಸುವವರು ಪೆನ್ನು ಹುಡುಕುತ್ತಲೇ ಇರುತ್ತಾರೆ. ನಿಮ್ಮ ಪೆನ್ನು ಕೊಡಿ.

ಜಮಾಬಂದಿ ಇದಕ್ಕಿಂತ ಒಳ್ಳೆಯದು, ಆದರೆ ಜನರಿಗೆ ಗೊತ್ತಿರುವುದು ಕಡಿಮೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹೊರಗಿನ ಅಧಿಕಾರಿಯೊಬ್ಬರು ಬಂದು ಪಂಚಾಯತಿಯ ಹಿಂದಿನ ವರ್ಷದ ಲೆಕ್ಕವನ್ನು ಊರಿನವರ ಎದುರು ಒಪ್ಪಿಸಬೇಕು, ಕಾಮಗಾರಿಗಳನ್ನೂ ನೋಡಬೇಕು. ನಮ್ಮಲ್ಲಿ ಅದು ಹೆಸರುಕಾಳಿನ ಹಂಗಾಮು. ಬುಡ್ಡಿ ಬಿಡಿಸುವುದು, ಮಳೆ ಬರುವುದರೊಳಗೆ ಒಣಗಿಸುವುದು, ಎಪಿಎಂಸಿಗೆ ಹೊತ್ತು ಹಾಕುವುದು, ಇದರ ನಡುವೆ ಪಂಚಾಯತಿಗೆ ಹೋಗಿ ಕೂರುವವರು ಯಾರು? ಈ ತಿಂಗಳನ್ನು ಆರಿಸಿದವರು ರೈತರಲ್ಲ ಎಂಬುದು ಖಾತ್ರಿ; ಅಥವಾ ರೈತರನ್ನು ಚೆನ್ನಾಗಿ ಬಲ್ಲವರು. ಆ ಒಂದು ದಿನ ಕಾಳು ಮನೆಯವರಿಗೆ ಒಪ್ಪಿಸಿ, ಟೇಪಿನ ಸಮೇತ ಹೋಗಿ.

ಉಳಿದವು ಬೇಗ ಹೇಳಿ ಮುಗಿಯುವಂಥವು. ಉದ್ಯೋಗ ಖಾತ್ರಿಯ ಕೆಲಸವಾದರೆ ಜಿಲ್ಲೆಗೊಬ್ಬ ಓಂಬುಡ್ಸ್‌ಮನ್ ಎಂಬ ಏರ್ಪಾಡು 2009ರಲ್ಲಿ ಬಂತು. 1902ಕ್ಕೆ ಫೋನ್ ಮಾಡಿದರೆ ಜನಸ್ಪಂದನ, ನಂಬರು ಕೊಡುತ್ತಾರೆ. ಅಧ್ಯಕ್ಷರು, ಸದಸ್ಯರ ದುರ್ನಡತೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಪದಚ್ಯುತಿಯ ದಾರಿ ಇದೆ. ಸಕಾಲ ಎಂಬುದು 2012ರ ಏಪ್ರಿಲ್‌ನಿಂದ ಇದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಭಾಗಿಸಿ ನೋಡಿ: ಇಪ್ಪತ್ತಾರನೆಯ ದಿನದಿಂದ ತಡ ಮಾಡುವುದು ಪುಕ್ಕಟೆ.

ಲೋಕಾಯುಕ್ತಕ್ಕಾದರೆ ಫಾರಂ ನಂಬರ್ 1ರಲ್ಲಿ ದೂರು, ಫಾರಂ ನಂಬರ್ 2ರಲ್ಲಿ ಅಫಿಡವಿಟ್ಟು, ಅದಕ್ಕೆ ನೋಟರಿ. ಕನ್ನಡದಲ್ಲೇ ಬರೆಯಬಹುದು. ಬೆಂಗಳೂರಿಗೆ ಕಳಿಸಬೇಕು, ಉಪಲೋಕಾಯುಕ್ತರು ಜಿಲ್ಲೆಗೆ ಬಂದು ಅಹವಾಲು ತಗೊಳ್ಳುವ ದಿನಗಳೂ ಇರುತ್ತವೆ. ಧಾರವಾಡದ ಕಚೇರಿಗಳಿಗೆ ಓಡಾಡುವುದಿದ್ದರೆ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದು ಲಾಭ. 2023ರ ಜೂನ್ 11ರಿಂದ ಸಾದಾ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ದೂರು ಕೊಡುವ ಖರ್ಚನ್ನು ಸರ್ಕಾರ ಇಷ್ಟು ಇಳಿಸಿದ್ದು ಇತಿಹಾಸದಲ್ಲಿ ಇದೇ ಮೊದಲು ಎಂದು ಯಾವ ಜಾಹೀರಾತಿನಲ್ಲೂ ಹಾಕಿಲ್ಲ.

ಟಪಾಲು ವಿಭಾಗದಲ್ಲಿ ನಿಮ್ಮ ವಿಳಾಸ ಓದಿದವರು ‘ಸುಳ್ಳದ ದೂರೋ, ಸುಳ್ಳು ದೂರೋ?’ ಎಂದೇ ಎನ್ನುತ್ತಾರೆ. ಈ ಹಾಸ್ಯವನ್ನು ನಮ್ಮ ಅಜ್ಜಂದಿರ ಕಾಲದಿಂದ ಎಲ್ಲ ಕಚೇರಿಯವರೂ ತಾವೇ ಕಂಡುಹಿಡಿದಂತೆ ಮಾಡುತ್ತ ಬಂದಿದ್ದಾರೆ. ನಗಬೇಕು. ನಕ್ಕರೆ ಸ್ವೀಕೃತಿಯ ಮೇಲೆ ಸೀಲು ಬೇಗ ಬೀಳುತ್ತದೆ.

ಟ್ರ್ಯಾಪ್ (ಪ್ರತ್ಯೇಕವಾಗಿ ಲಭ್ಯ)

ರೊಕ್ಕ ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ ಎಂದಾದರೆ ಟೇಪು, ಅಫಿಡವಿಟ್ಟು ಯಾವುದೂ ಬೇಡ. ಲೋಕಾಯುಕ್ತ ಪೊಲೀಸರ ಹತ್ತಿರ ನೇರ ಹೋಗಿ. ನೋಟು ನೀವೇ ತರಬೇಕು. ನಂಬರು ಬರೆದುಕೊಂಡು, ಫಿನಾಫ್ತಲೀನ್ ಎಂಬ ಬಿಳಿ ಪುಡಿ ಸವರಿ, ಬೇರೆ ಇಲಾಖೆಯ ನೌಕರರಿಬ್ಬರನ್ನು ಪಂಚರಾಗಿ ಕೂರಿಸಿ, ನಿಮ್ಮ ಜೇಬಿನಲ್ಲಿ ಇಡುತ್ತಾರೆ. ನೀವು ಅದನ್ನು ಮುಟ್ಟಬಾರದು, ಸಾಹೇಬರು ಕೇಳುವ ತನಕ. ಅವರು ತಗೊಂಡ ಮೇಲೆ ಅವರ ಕೈಯನ್ನು ಸೋಡಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ಹಾಕಿ ಮೊಹರು ಮಾಡುತ್ತಾರೆ. ಇಡೀ ಆಡಳಿತದಲ್ಲಿ ದೂರಿಗೆ ಕೂಡಲೇ ಸಿಗುವ ಉತ್ತರ ಇದೊಂದೇ. ಅದನ್ನು ಕೊಡುವುದೂ ರಸಾಯನಶಾಸ್ತ್ರ, ಇಲಾಖೆಯಲ್ಲ.

ರೊಕ್ಕ ಕೊಟ್ಟಾಗಿದ್ದರೆ ಗಡಿಯಾರ ನೋಡಿಕೊಳ್ಳಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಏಳು ವರ್ಷದವರೆಗೆ ಜೈಲಿನ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರಿಗೆ ವಿನಾಯಿತಿ ಇದೆ, ಏಳು ದಿನದೊಳಗೆ ಹೋಗಿ ಹೇಳಿದರೆ. ಎಂಟನೆಯ ದಿನ ನೀವೂ ಅವರೂ ಒಂದೇ ಕಡತದಲ್ಲಿ.

ಕಾಯುವ ಅವಧಿ

ದೂರು ಮುಟ್ಟಿದ ಮೇಲೆ ಅದರ ಪ್ರತಿ ಎದುರಾಳಿಗೆ ಹೋಗುತ್ತದೆ. ಅವರು ಉತ್ತರ ಕೊಡುತ್ತಾರೆ. ಅದು ನಿಮಗೆ ಬರುತ್ತದೆ, ನೀವು ಪ್ರತ್ಯುತ್ತರ ಕೊಡುತ್ತೀರಿ. ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡರೆ ಸರ್ಕಾರಕ್ಕೆ ವರದಿ. ಅದರ ಮೇಲೆ ಏನು ಮಾಡಿದೆವೆಂದು ಮೂರು ತಿಂಗಳೊಳಗೆ ಸರ್ಕಾರ ಹೇಳಬೇಕು. ಆಮೇಲೆ ಸರ್ಕಾರಿ ನೌಕರರ ಶಿಸ್ತಿನ 1957ರ ನಿಯಮಗಳ 14-ಎ ಪ್ರಕಾರ ವಿಚಾರಣೆ ಮತ್ತೆ ಲೋಕಾಯುಕ್ತದ ಕಡೆಗೇ ಬರುತ್ತದೆ. ದೂರು ಕೆಳಗಷ್ಟೇ ಸುತ್ತುತ್ತದೆ ಎಂದುಕೊಂಡಿದ್ದಿರಿ; ಮೇಲೂ ಸುತ್ತುತ್ತದೆ. ಈ ನಡುವೆ ಎಂಜಿನಿಯರರು ನಿವೃತ್ತರಾಗಬಹುದು. ಆದ ಮೇಲೆ ಇಲಾಖಾ ವಿಚಾರಣೆ ಹೊಸದಾಗಿ ಶುರು ಮಾಡುವುದಾದರೆ ಘಟನೆ ನಡೆದು ನಾಲ್ಕು ವರ್ಷ ದಾಟಿರಬಾರದು. ನಿಮಗೆ ಐದು ವರ್ಷ ಅವಕಾಶ ಎಂದು ಮೇಲೆ ಹೇಳಿದ್ದೆ. ಅವರಿಗೆ ನಾಲ್ಕೇ ಸಾಕು.

ಅರ್ಜಿ ನಡೆಯುತ್ತಿರುವಾಗ ಕಚೇರಿಯೇ ಬದಲಾಗುವುದೂ ಉಂಟು. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗಿನಿಂದಲೇ ಸುಲಿಗೆ ನಡೆಯುತ್ತಿದೆ ಎಂಬ ಆರೋಪ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಲೋಕಾಯುಕ್ತ ನ್ಯಾ. ವೈ. ಭಾಸ್ಕರರಾವ್ ರಾಜೀನಾಮೆ ಕೊಟ್ಟರು. ಕುರ್ಚಿಗೆ ಮತ್ತೆ ಜನ ಬಂದದ್ದು 2017ರ ಜನವರಿಯಲ್ಲಿ. ನಡುವೆ 2016ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಹುಟ್ಟಿತು. ಲಂಚದ ಪ್ರಕರಣಗಳೆಲ್ಲ ಅತ್ತ ಹೋದವು. 2022ರ ಆಗಸ್ಟ್ 11ರಂದು ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಎಲ್ಲ ಇತ್ತ ಬಂದವು. ಆ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾ. ಬಿ. ವೀರಪ್ಪ ಮುಂದೆ ಉಪಲೋಕಾಯುಕ್ತರಾದರು. ಆ ವರ್ಷಗಳಲ್ಲಿ ಅರ್ಜಿ ಹಾಕಿದವರಿಗೆ ತಮ್ಮ ಕಡತ ಯಾವ ಕಟ್ಟಡದಲ್ಲಿದೆ ಎಂದು ತಿಳಿಯಲು ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ ಬೇಕಾಗಿತ್ತು.

ಇಷ್ಟಾದರೂ ಇದರಿಂದ ಏನೂ ಆಗುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಹೇಳುವವರನ್ನು ನಾನು ಒಪ್ಪುವುದಿಲ್ಲ. ಧಾರವಾಡದಲ್ಲೇ ಇದೆಯಲ್ಲ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಬಳ್ಳಾರಿಯ ಗಣಿಗಳ ಬಗ್ಗೆ ಅವರು ಸುಪ್ರೀಂ ಕೋರ್ಟಿಗೆ ಹಾಕಿದ ರಿಟ್ ಅರ್ಜಿಯ ನಂಬರು 562, ವರ್ಷ 2009. ಎರಡು ವರ್ಷದ ನಂತರ, 2011ರ ಜುಲೈ 29ರಂದು, ಅದೇ ಅರ್ಜಿಯ ಮೇಲೆ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಕ್ಕೆ ಎರಡೇ ದಿನ ಮೊದಲು ಲೋಕಾಯುಕ್ತ ನ್ಯಾ. ಸಂತೋಷ ಹೆಗ್ಡೆ ತಮ್ಮ ಗಣಿ ವರದಿ ಕೊಟ್ಟಿದ್ದರು. ಅದರ ಬೆನ್ನಿಗೇ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಎಷ್ಟು ಟನ್ನು, ಎಷ್ಟು ಪರ್ಮಿಟ್ಟು, ಗಡಿಕಲ್ಲು ಎಲ್ಲಿತ್ತು, ಈಗ ಎಲ್ಲಿದೆ ಎಂಬುದೇ ಅಲ್ಲಿನ ವಿಷಯ. ಗುಡ್ಡದ ಬದಲು ಗಟಾರ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ.

ಎಚ್ಚರಿಕೆ

ಬೇಕೆಂದೇ ಸುಳ್ಳು ದೂರು ಕೊಟ್ಟು ಅದು ಸಾಬೀತಾದರೆ ಕಡಿಮೆಯೆಂದರೆ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು, ಮೇಲೆ ದಂಡ. ದಾಯಾದಿಯ ಮೇಲಿನ ಸಿಟ್ಟಿಗೆ ಪಿಡಿಒ ಹೆಸರು ಬಳಸುವವರು ಇದನ್ನು ಎರಡು ಸಲ ಓದಬೇಕು.

ಸಿಟ್ಟನ್ನು ಕಚೇರಿಯೊಳಗೆ ಒಯ್ಯಬೇಡಿ. 2018ರ ಮಾರ್ಚ್ 7ರಂದು ತನ್ನ ದೂರುಗಳನ್ನು ಮುಕ್ತಾಯ ಮಾಡಿದ್ದಾರೆಂದು ಸಿಟ್ಟಾದ ದೂರುದಾರನೊಬ್ಬ ಬೆಂಗಳೂರಿನ ಕಚೇರಿಯೊಳಗೇ ಆಗಿನ ಲೋಕಾಯುಕ್ತ ನ್ಯಾ. ವಿಶ್ವನಾಥ ಶೆಟ್ಟರಿಗೆ ಚಾಕುವಿನಿಂದ ಇರಿದ. ಅವರು ಬದುಕುಳಿದರು. ಇದರಲ್ಲಿ ನಗುವಂಥದ್ದೇನೂ ಇಲ್ಲ, ಅದಕ್ಕೇ ಇಲ್ಲಿ ಇಟ್ಟಿದ್ದೇನೆ.

ಊರಿನೊಳಗಿನ ಅಡ್ಡ ಪರಿಣಾಮಗಳು: ನಳದ ನೀರು ನಿಮ್ಮ ಮನೆಯ ಹತ್ತಿರ ಬಂದಾಗಲೇ ಕರೆಂಟು ಹೋಗುವುದು. ಬೀದಿದೀಪ ನಿಮ್ಮ ಕಂಬದಲ್ಲಿ ಮಾತ್ರ ಕೆಡುವುದು. ಜಾತ್ರಿ ಪಟ್ಟಿ ಎತ್ತುವವರು ನಿಮ್ಮಲ್ಲಿಗೆ ಕೊನೆಗೆ ಬರುವುದು. ಇವೆಲ್ಲ ತಾತ್ಕಾಲಿಕ. ಬೀಗರು ಫೋನ್ ಮಾಡಿ ‘ನಮ್ಮ ಹುಡುಗಗ ಸ್ವಲ್ಪ ತ್ರಾಸ ಆಗೇತಿ ನೋಡ್ರಿ’ ಎಂದರೆ ಮಾತ್ರ ಅದು ಗಂಭೀರ. ಆ ಹುಡುಗ ಅದೇ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಎಂಬುದು ನಿಮಗೆ ಆಗ ಗೊತ್ತಾಗುತ್ತದೆ. ಬೀಗರಿಗೆ ಎಂ.ಬಿ. ಪುಟ 47ನ್ನು ವಿವರಿಸಲು ಹೋಗಬೇಡಿ.

ಗ್ಯಾರಂಟಿ ಇದೆಯೇ ಎಂದು ಕೇಳುವವರಿಗೆ: ರಾಜ್ಯದಲ್ಲಿ ಇರುವವು ಐದು, ಇದು ಅದರಲ್ಲಿ ಸೇರಿಲ್ಲ.

ಅರ್ಜಿದಾರರೇ ಸದಸ್ಯರಾದರೆ

ಅಪರೂಪವಲ್ಲ. ಟೇಪು ಹಿಡಿದು ಓಣಿ ಅಳೆದವರಿಗೆ ಓಣಿಯೆಲ್ಲ ಪರಿಚಯ ಆಗಿರುತ್ತದೆ. ‘ಇವರ ಹತ್ರ ಕಾಗದಾ ಎಲ್ಲಾ ಅದಾವ’ ಎಂದು ಜನ ಮಾತಾಡುತ್ತಾರೆ. ಚುನಾವಣೆಗೆ ನಿಲ್ಲಿಸುತ್ತಾರೆ, ಗೆಲ್ಲಿಸುತ್ತಾರೆ, ಮೀಸಲಾತಿ ಕೂಡಿಬಂದರೆ ಅಧ್ಯಕ್ಷರೂ ಆಗುತ್ತೀರಿ. ಆಗ ಚೆಕ್ಕಿಗೆ ಪಿಡಿಒ ಅವರ ಸಹಿಯ ಜೊತೆ ನಿಮ್ಮದೂ ಬೇಕು. ಎಂಜಿನಿಯರರು ಎಂ.ಬಿ. ಪುಸ್ತಕ ತಂದಾಗ ಹೊರಗೆ ಗುತ್ತಿಗೆದಾರರು ನಿಂತಿರುತ್ತಾರೆ, ನಿಮ್ಮ ಹಳೆಯ ನೆರೆಮನೆಯವರೇ.

ಆ ಹೊತ್ತಿಗೆ ಹಳೆಯ ದೂರುಗಳಲ್ಲಿ ಒಂದು, ಮುಖ್ಯಮಂತ್ರಿಗೆ ಪ್ರತಿ ಹಾಕಿದ್ದು, ಬೆಂಗಳೂರು, ಧಾರವಾಡ, ಹುಬ್ಬಳ್ಳಿ ಎಲ್ಲ ಸುತ್ತಿ ‘ಪರಿಶೀಲಿಸಿ ವರದಿ ಮಾಡುವುದು’ ಎಂಬ ಷರಾದೊಂದಿಗೆ ಪಂಚಾಯತಿಗೆ ಬಂದು ಮುಟ್ಟುತ್ತದೆ. ಹೊಸ ಪಿಡಿಒ ಅದನ್ನು ನಿಮ್ಮ ಮುಂದಿಟ್ಟು ‘ಇದಕ್ಕ ಏನ್ ಬರೀಲ್ರಿ ಅಧ್ಯಕ್ಷರ?’ ಎನ್ನುತ್ತಾರೆ. ಗಾಬರಿ ಬೇಡ. ಹಿಂಬರಹದ ನಮೂನೆ ಕಂಪ್ಯೂಟರಿನಲ್ಲಿ ಸಿದ್ಧ ಇದೆ, ತಾರೀಖು ಬದಲಿಸಿದರೆ ಸಾಕು. ಅರ್ಜಿದಾರರ ಹೆಸರು ಮಾತ್ರ ಸರಿಯಾಗಿ ಬರೆದಿದ್ದಾರೋ ನೋಡಿಕೊಳ್ಳಿ, ಕೆಳಗೆ ಸಹಿ ಮಾಡಬೇಕಾದವರ ಹೆಸರೂ ಅದೇ.